ಏರ್ ಫಿಲ್ಟರ್ ನುಂಗಿದ ಒಂಬತ್ತನೇ ಶುಕ್ರವಾರ

ವಿಲ್ಲಿ ಪೊರ್ಬುಗಳಿಗೆ ಸಿಟ್ಟು ಬಂದರೆ ಮಂಗಳೂರಿನ ಬಿಜೈಯ ಅವರ ಓಣಿಯಲ್ಲಿ ಕಾಗೆಗಳೂ ಎರಡು ಮನೆ ಆಚೆ ಹೋಗಿ ಕೂರುತ್ತವೆ ಎಂದು ನೆರೆಯವರು ಹೇಳುತ್ತಾರೆ. ಇದು ಅನ್ಯಾಯದ ಮಾತು. ಅವರಿಗೆ ಸುಮ್ಮಸುಮ್ಮನೆ ಸಿಟ್ಟು ಬರುವುದಿಲ್ಲ. ಸರಿಯಾಗಿಯೇ ಇರುವುದನ್ನು ಯಾರಾದರೂ ಸರಿಮಾಡಲು ಹೊರಟಾಗ ಮಾತ್ರ ಬರುತ್ತದೆ. ಹಾಗೆ ಹೊರಡುವವರು ಈ ಊರಿನಲ್ಲಿ ಹೆಜ್ಜೆಗೊಬ್ಬರು ಸಿಗುತ್ತಾರೆ ಎಂದರೆ ಅದು ಪೊರ್ಬುಗಳ ತಪ್ಪೇ? ಚೆನ್ನಾಗಿದ್ದ ರಸ್ತೆಯನ್ನು ಅಗೆಯುತ್ತಾರೆ, ನೀರು ಹೋಗುತ್ತಿದ್ದ ತೋಡಿಗೆ ಸಿಮೆಂಟು ಮೆತ್ತುತ್ತಾರೆ, ನೆರಳು ಕೊಡುತ್ತಿದ್ದ ಮರ ಕಡಿದು ಅಲ್ಲಿ ನೆರಳಿಗೆಂದು ತಗಡು ಹಾಕುತ್ತಾರೆ. ಅಂಥವರ ಸಾಲಿಗೆ ಸ್ವಂತ ಮಗನೇ ಹೋಗಿ ಸೇರಿದ್ದು ಮಾತ್ರ ಪೊರ್ಬುಗಳ ಗ್ರಹಚಾರ.

ಇಲ್ಲಿ ಕ್ರೈಸ್ತ ಗಂಡಸರನ್ನು ಮರ್ಯಾದೆಗೆ ಪೊರ್ಬುಗಳು ಎನ್ನುತ್ತಾರೆ, ಹೆಂಗಸರನ್ನು ಬಾಯಿ. ವಿಲ್ಲಿ ಪೊರ್ಬುಗಳು ಗೇರುಬೀಜದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದು ನಿವೃತ್ತರಾದವರು. ಹೆಂಡತಿ ವಿನಿಫ್ರೆಡ್ ಟೀಚರಾಗಿದ್ದವರು. ಒಬ್ಬನೇ ಮಗ ಫ್ಲೋಯ್ಡ್ ದೋಹಾದಲ್ಲಿ ಎಸಿ ಮೆಕ್ಯಾನಿಕ್. ನಿವೃತ್ತಿಯ ಮರುವರ್ಷವೇ ಇಗರ್ಜಿಯ ಫಾದರು ಪೊರ್ಬುಗಳನ್ನು ಕರೆದು ಒಂದು ಕೆಲಸ ವಹಿಸಿದರು. ಹಾಸಿಗೆ ಹಿಡಿದವರು, ಇಗರ್ಜಿಗೆ ಬರಲಾರದ ಮುದುಕರು ಇರುತ್ತಾರಲ್ಲ, ಪ್ರತಿ ತಿಂಗಳ ಮೊದಲ ಶುಕ್ರವಾರ ಬೆಳಗಿನ ಪೂಜೆ ಮುಗಿದ ಮೇಲೆ ಅವರ ಮನೆಮನೆಗೆ ಪರಮಪ್ರಸಾದ, ಅಂದರೆ ಯೇಸುವಿನ ಶರೀರವೆಂದೇ ನಂಬುವ ಪವಿತ್ರ ರೊಟ್ಟಿ, ಒಯ್ದು ಕೊಡುವುದು. ಫಾದರಿಗೆ ಇದು ಸಾಮಾನ್ಯ ವ್ಯವಸ್ಥೆ. ಪೊರ್ಬುಗಳಿಗೆ ಮಾತ್ರ ಅದು ಜೀವಮಾನದ ಬಡ್ತಿ.

ಅವರದು ಹಳೆ ಕ್ರಮ. ಅವರ ಅಪ್ಪ ಇಗರ್ಜಿಯಲ್ಲಿ ಗಂಟೆ ಹೊಡೆಯುತ್ತಿದ್ದವರು. ಸಾಯುವವರಿಗೆ ಕೊಡಲು ಪಾದ್ರಿಗಳು ಪರಮಪ್ರಸಾದ ಹಿಡಿದು ನಡೆದು ಹೋಗುವಾಗ ಅಪ್ಪ ಮುಂದೆ ಮುಂದೆ ಕಿರುಗಂಟೆ ಅಲ್ಲಾಡಿಸುತ್ತ ಹೋಗುತ್ತಿದ್ದರು. ದಾರಿಯಲ್ಲಿ ಒಬ್ಬರ ಬಾಯಿಂದಲೂ ಮಾತು ಹೊರಡುತ್ತಿರಲಿಲ್ಲ. ಪೊರ್ಬುಗಳೂ ಹಾಗೆಯೇ. ಬಿಳಿ ಅಂಗಿ ತೊಟ್ಟು, ಪರಮಪ್ರಸಾದದ ಪುಟ್ಟ ಡಬ್ಬಿಯನ್ನು ಚೀಲದಲ್ಲಿಟ್ಟು ಕೊರಳಿಗೆ ಹಾಕಿ ಎದೆಗೆ ಒತ್ತಿಕೊಂಡು ಬೈಕು ಹತ್ತಿದರೆ ಮುಗಿಯಿತು, ರೋಗಿಯ ಹಾಸಿಗೆಯ ಬಳಿ ಪ್ರಾರ್ಥನೆ ಶುರುಮಾಡುವ ತನಕ ಬಾಯಿಗೆ ಬೀಗ. ಮೊಬೈಲು ಮನೆಯಲ್ಲೇ. ಎದುರು ಸಿಕ್ಕಿದವರಿಗೆ ತಲೆ ಸಹ ಅಲ್ಲಾಡಿಸುವುದಿಲ್ಲ. ಅಷ್ಟೆಲ್ಲ ಬೇಡ ವಿಲ್ಲಿ ಎಂದು ಫಾದರೇ ಹೇಳಿದ್ದರು. ದೇವರನ್ನು ಎದೆಯಲ್ಲಿಟ್ಟುಕೊಂಡು ಮೀನಿನ ರೇಟು ಮಾತಾಡಲಿಕ್ಕೆ ತನ್ನಿಂದಾಗುವುದಿಲ್ಲ ಎಂದು ಪೊರ್ಬುಗಳು ಹೇಳಿಬಿಟ್ಟರು.

ಆ ಮನೆಗಳಲ್ಲಿ ಕೊನೆಯದು ಕೊಟ್ಟಾರದ ಒಳಓಣಿಯ ಎಲೇನ್ ಬಾಯಿಯ ಮನೆ. ಎಂಬತ್ತು ದಾಟಿದ ಹೆಂಗಸು. ಸೊಂಟ ಮುರಿದು ಮಲಗಿದ್ದು ಮತ್ತೆ ಏಳಲಿಲ್ಲ, ಜೊತೆಗೆ ಸಕ್ಕರೆ ಕಾಯಿಲೆ. ನೋಡಿಕೊಳ್ಳುವುದು ಸೊಸೆ ಶರೊನ್. ಎಲೇನ್ ಬಾಯಿಗೆ ಇನ್ನು ಈ ಲೋಕದಲ್ಲಿ ಬೇಕಾದದ್ದು ಒಂದೇ. ಸತತ ಒಂಬತ್ತು ತಿಂಗಳು, ಒಂದೂ ತಪ್ಪದೆ, ಮೊದಲ ಶುಕ್ರವಾರ ಪರಮಪ್ರಸಾದ ತೆಗೆದುಕೊಂಡವರಿಗೆ ಒಳ್ಳೆಯ ಮರಣ ಸಿಗುತ್ತದೆ, ಯೇಸುವಿನ ಪವಿತ್ರ ಹೃದಯ ಅವರನ್ನು ಕೊನೆಗಳಿಗೆಯಲ್ಲಿ ಕೈಬಿಡುವುದಿಲ್ಲ ಎಂಬುದು ನಂಬಿಕೆ. ನಡುವೆ ಒಂದು ತಪ್ಪಿದರೆ ಮತ್ತೆ ಒಂದರಿಂದ ಎಣಿಸಬೇಕು. ಎಲೇನ್ ಬಾಯಿ ಮೊದಲ ಸಲ ಹೊರಟಾಗ ನಡುವೆ ಸೊಂಟ ಮುರಿಯಿತು. ಇನ್ನೊಂದು ಸಲ ಕೊರೊನಾ ಬಂದು ಇಗರ್ಜಿಗೇ ಬೀಗ ಬಿತ್ತು. ಈ ಸಲ ನವೆಂಬರಿನಲ್ಲಿ ಶುರುಮಾಡಿ ಎಂಟು ಶುಕ್ರವಾರ ಮುಗಿಸಿದ್ದರು. ಜುಲೈ ತಿಂಗಳದ್ದು ಒಂಬತ್ತನೆಯದು.

ಅದನ್ನೂ ಅವರು ಹಳೆ ಕಾಲದ ಉಪವಾಸದಲ್ಲೇ ಮಾಡುತ್ತಿದ್ದರು. ರಾತ್ರಿ ಊಟವಾದ ಮೇಲೆ ಪರಮಪ್ರಸಾದ ನಾಲಿಗೆಗೆ ತಾಗುವ ತನಕ ಒಂದು ಗುಟುಕು ಚಹಾ ಸಹ ಇಲ್ಲ. ಇಂಥ ನಿಯಮವನ್ನು ಧರ್ಮಸಭೆಯೇ ಬಿಟ್ಟು ಯಾವ ಕಾಲವಾಯಿತು, ಅದರಲ್ಲೂ ಕಾಯಿಲೆಯವರಿಗೆ ಉಪವಾಸವೇ ಇಲ್ಲ ಎಂದು ಫಾದರು ಹೇಳಿ ಹೇಳಿ ಸೋತಿದ್ದರು. ಪೊರ್ಬುಗಳಿಗೆ ಇದು ಗೊತ್ತು. ಅದಕ್ಕೇ ಅವರು ಎಲ್ಲೂ ತಡಮಾಡದೆ, ಎಂಟು ಗಂಟೆಯೊಳಗೆ ಆ ಮನೆ ತಲುಪುತ್ತಿದ್ದರು. ಮುದುಕಿಯ ಹೊಟ್ಟೆಯ ಚಿಂತೆ ಅವರದು.

ಹೀಗಿರುವಾಗ ಜೂನಿನಲ್ಲಿ ಫ್ಲೋಯ್ಡ್ ರಜೆಯಲ್ಲಿ ಬಂದ. ಕೆಟ್ಟ ಹುಡುಗನಲ್ಲ. ತಾಯಿಗೆ ಮಿಕ್ಸಿ ತಂದ, ತಂದೆಗೆ ವಾಚು ತಂದ. ಅಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಇರಲಾರದೆ ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ಒಂದು ದಿನ ತಂದೆಯ ಬೈಕನ್ನು ಸರ್ವಿಸಿಗೆಂದು ಒಯ್ದವನು ಸಂಜೆ ಅದನ್ನು ಅಂಗಳಕ್ಕೆ ತಂದಾಗ ಓಣಿಯ ನಾಯಿಗಳೆಲ್ಲ ಎದ್ದು ನಿಂತವು. ಹದಿನೈದು ವರ್ಷ ಸಾಧು ದನದ ಹಾಗೆ ಓಡಿದ ಗಾಡಿ ಗೂಳಿಯ ಹಾಗೆ ಗುಟುರು ಹಾಕುತ್ತಿತ್ತು. ಆಕ್ಸಿಲೇಟರ್ ತಿರುಗಿಸಿದರೆ ಬೊರ್ರೆಂದು ಗಾಳಿ ಎಳೆಯುವ ಸದ್ದು, ಬಿಟ್ಟರೆ ಹಿಂದಿನಿಂದ ಟಪಟಪ ಸಿಡಿತ. ಪೊರ್ಬುಗಳು ಬಗ್ಗಿ ನೋಡಿದರು. ಸೀಟಿನ ಕೆಳಗೆ, ಒಳಗೆಲ್ಲೋ ಬೆಚ್ಚಗೆ ಮುಚ್ಚಿಕೊಂಡು ಇದ್ದ ಕಂಪನಿಯ ಏರ್ ಫಿಲ್ಟರ್ ಬಾಕ್ಸೇ ಇಲ್ಲ. ಅದರ ಜಾಗದಲ್ಲಿ ಚಹಾ ಸೋಸುವ ಜರಡಿಗೆ ಕೆಂಪು ಬಣ್ಣ ಹೊಡೆದಂಥದ್ದೊಂದು ಹೊರಗೆ ಮೂತಿ ಚಾಚಿ ನಿಂತಿತ್ತು. ಮುಚ್ಚಳವಿಲ್ಲ, ಮರೆಯಿಲ್ಲ.

"ಕಂಪನಿ ಬಾಕ್ಸಿನಲ್ಲಿ ಗಾಡಿಗೆ ಉಸಿರು ಕಟ್ತದೆ ಪಪ್ಪಾ," ಎಂದ ಫ್ಲೋಯ್ಡ್. "ಇದು ಕೋನ್ ಫಿಲ್ಟರ್. ಈಗ ಫ್ರೀಯಾಗಿ ಉಸಿರಾಡ್ತದೆ. ಪಿಕಪ್ ನೋಡಿ."

"ಇಷ್ಟು ವರ್ಷ ಎಂತ ಮಾಡ್ತಿತ್ತು ಅದು? ಮೂಗು ಹಿಡ್ಕೊಂಡು ಓಡ್ತಿತ್ತಾ?" ಎಂದರು ಪೊರ್ಬುಗಳು.

ಹೇಳಿ, ಯಾರಿಗೆ ಸಿಟ್ಟು ಬರುವುದಿಲ್ಲ? ಜೂನ್ ಬಂತೆಂದರೆ ಸ್ಕೂಟರಿನ ಸೀಟಿಗೂ ಪ್ಲಾಸ್ಟಿಕ್ ಟೊಪ್ಪಿ ಹಾಕುವ ಊರು ಇದು. ಕೊಡೆ ಹಿಡಿದರೂ ಮೊಣಕಾಲು ಒದ್ದೆ, ರೈನ್‌ಕೋಟ್ ಹಾಕಿದರೂ ಬನಿಯನ್ನು ಒದ್ದೆ. ಇಂಥ ಊರಿನಲ್ಲಿ, ಇಂಥ ತಿಂಗಳಲ್ಲಿ, ಎಂಜಿನ್ನಿನ ಮೂಗಿನ ಮೇಲಿದ್ದ ಸೂರನ್ನು ಕಿತ್ತು ಬಿಸಾಡುವುದು ಎಂದರೆ ಅದಕ್ಕೆ ಬುದ್ಧಿ ಎನ್ನಬೇಕೋ ಬೇರೇನಾದರೂ ಎನ್ನಬೇಕೋ. ಅದೂ ಕೇಳದೆ, ಸರ್ಪ್ರೈಸ್ ಅಂತೆ. ಪೊರ್ಬುಗಳ ಮೈಯೆಲ್ಲ ಉರಿಯಿತು. ಮಗ ಪ್ರೀತಿಯಿಂದ ಮಾಡಿಸಿದ್ದಾನೆ, ಎರಡು ದಿನ ಓಡಿಸಿ ನೋಡಿ ಎಂದು ವಿನಿಫ್ರೆಡ್ ಬಾಯಿ ನಡುವೆ ಬಂದರು. ತಾಯಂದಿರು ಯಾವಾಗಲೂ ಹೀಗೆಯೇ.

ಮರುದಿನ ಪೊರ್ಬುಗಳು ಹಳೆ ಬಾಕ್ಸು ಕೇಳಲು ಬೈಕು ಸರ್ವಿಸ್ ಮಾಡಿಸಿದ ಅಂಗಡಿಗೆ ಹೋದರು. ಅಂಗಡಿಯವನ ಹೆಸರು ಕೌಶಲ್, ಫ್ಲೋಯ್ಡ್‌ನ ಜೊತೆ ಓದಿದವನು. ಕಿತ್ತ ಬಾಕ್ಸುಗಳನ್ನೆಲ್ಲ ಗೋಣಿಯಲ್ಲಿ ತುಂಬಿಸಿ ಗುಜರಿಗೆ ಹಾಕಿಯಾಯಿತು ಎಂದ. ಹೊಸತು ಬೇಕೆಂದರೆ ಹಳೆ ಮಾಡೆಲ್ಲು, ತರಿಸಬೇಕು, ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ ಎಂದ. ಕಂಪನಿಯ ಸ್ಟಾಕ್ ಫಿಲ್ಟರ್ ಈಗ ಯಾರು ಇಟ್ಟುಕೊಳ್ಳುತ್ತಾರೆ ಅಂಕಲ್ ಎಂದು ನಗಲೂ ನಕ್ಕ. ಮಳೆ ಬಂದರೆ ಗತಿಯೇನು ಎಂದು ಪೊರ್ಬುಗಳು ಕೇಳಿದ್ದಕ್ಕೆ, ಜೋರು ಮಳೆ ಇದ್ದರೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿಬಿಡಿ ಎಂದು ಸಲಹೆ ಕೊಟ್ಟ. ಉಸಿರಾಡಲಿ ಎಂದು ಬಾಕ್ಸು ಕಿತ್ತವನೇ ಮೂಗಿಗೆ ಪ್ಲಾಸ್ಟಿಕ್ ಕಟ್ಟಲು ಹೇಳುತ್ತಾನಲ್ಲ, ಇವರಿಗೆ ಯಾರು ಏನು ಕಲಿಸಿದರು ಎಂದು ಪೊರ್ಬುಗಳು ದಾರಿಯುದ್ದಕ್ಕೂ ಗೊಣಗಿದರು. ಆ ಗೊಣಗಾಟವೂ ಎಂಜಿನ್ನಿನ ಗುಟುರಿನಲ್ಲಿ ಅವರಿಗೇ ಕೇಳಿಸಲಿಲ್ಲ.

ಜುಲೈಯ ಮೊದಲ ಶುಕ್ರವಾರ ಬೆಳಿಗ್ಗೆ ಮಳೆ ಬಿಟ್ಟಿತ್ತು. ರಿಕ್ಷಾದಲ್ಲಿ ಹೋಗಿ ಎಂದು ವಿನಿಫ್ರೆಡ್ ಬಾಯಿ ಹೇಳಿದರು. ರಿಕ್ಷಾದವರು ಸುಮ್ಮನಿರುವುದಿಲ್ಲ, ರಾಜಕೀಯ ಮಾತಾಡಿಸುತ್ತಾರೆ, ತನ್ನ ಮೌನ ಕೆಡುತ್ತದೆ ಎಂದು ಪೊರ್ಬುಗಳು ಬೈಕೇ ಹತ್ತಿದರು. ಪೂಜೆ ಮುಗಿಸಿ, ಡಬ್ಬಿ ಎದೆಗಿಟ್ಟು, ಅದರ ಮೇಲೆ ರೈನ್‌ಕೋಟಿನ ಗುಂಡಿ ಹಾಕಿ ಹೊರಟರು. ಮೌನದಲ್ಲಿ ಒಯ್ಯಬೇಕಾದ ದೇವರನ್ನು ಇಂಥ ಬೊಬ್ಬೆಯ ಮೇಲೆ ಕೂರಿಸಿ ಒಯ್ಯುವ ನಾಚಿಕೆ ಬೇರೆ. ಉಳಿದ ಮನೆಗಳೆಲ್ಲ ಮುಗಿದು ಎಲೇನ್ ಬಾಯಿಯದು ಒಂದು ಉಳಿಯಿತು. ಕೊಟ್ಟಾರ ತಲುಪುವಾಗ ಆಕಾಶ ಹರಿದು ಬಿದ್ದಂತೆ ಮಳೆ ಧೋ ಎಂದು ಹೊಯ್ಯಿತು. ಅಲ್ಲಿ ನೀರು ನಿಲ್ಲುವುದು ಎಷ್ಟು ಹೊತ್ತು? ಪಕ್ಕದಲ್ಲಿ ಹೋದ ಬಸ್ಸೊಂದು ಕೆಸರುನೀರನ್ನು ಗೋಡೆಯಂತೆ ಎಬ್ಬಿಸಿ ಬೈಕಿನ ಹೊಟ್ಟೆಗೇ ಹೊಡೆಯಿತು. ಕೆಂಪು ಜರಡಿ ಬಾಯಿ ತೆರೆದುಕೊಂಡೇ ಇತ್ತು, ಗಟಗಟ ಕುಡಿಯಿತು. ಎಂಜಿನ್ನು ಎರಡು ಸಲ ಕೆಮ್ಮಿ ಸತ್ತಿತು.

ಪೊರ್ಬುಗಳು ಬೈಕನ್ನು ಬದಿಗೆ ತಳ್ಳಿ ಕಿಕ್ಕರ್ ಒದ್ದರು, ಒದ್ದರು, ಕಾಲು ಸೋಲುವವರೆಗೆ ಒದ್ದರು. ಈಗ ನೋಡಿ ಅವರ ಪಾಡು. ಆ ಗಳಿಗೆಯಲ್ಲಿ ಮಂಗಳೂರಿನಲ್ಲೇ ಅತಿ ಹೆಚ್ಚು ಸಿಟ್ಟಿದ್ದ ಮನುಷ್ಯ ಅವರು, ಬಾಯಿಬಿಡುವ ಹಾಗೆ ಮಾತ್ರ ಇಲ್ಲ. ಮಗನಿಗೆ, ಕೌಶಲನಿಗೆ, ಬಸ್ಸಿನವನಿಗೆ, ತೋಡಿಗೆ ಸಿಮೆಂಟು ಮೆತ್ತಿದವರಿಗೆ ಹೇಳಬೇಕಾದದ್ದೆಲ್ಲ ಗಂಟಲಿಗೆ ಬಂದು ನಿಂತಿತ್ತು. ಎದೆಯ ಮೇಲೆ ದೇವರು. ಹಲ್ಲು ಕಚ್ಚಿದರು, ಮುಖ ಕೆಂಪಾಯಿತು, ಕಣ್ಣಲ್ಲಿ ನೀರೂ ಬಂತು.

ಅಷ್ಟರಲ್ಲಿ ರಿಕ್ಷಾವೊಂದು ಬಂದು ನಿಂತಿತು. ಓಡಿಸುತ್ತಿದ್ದವರು ನೋಣಯ್ಯ, ಬಿಜೈ ಸ್ಟ್ಯಾಂಡಿನವರು, ಪೊರ್ಬುಗಳನ್ನು ಬಲ್ಲವರು. ಎಂತಾಯಿತು ಎಂದು ಕೇಳಿದರು. ಪೊರ್ಬುಗಳು ಮಾತಾಡಲಿಲ್ಲ. ರಿಕ್ಷಾ ಹತ್ತಿ ಕುಳಿತು, ತಾನು ಯಾಕೆ ಮಾತಾಡುವುದಿಲ್ಲ ಎಂದು ತಿಳಿಸಲು ರೈನ್‌ಕೋಟಿನ ಮೇಲಿನಿಂದಲೇ ಎದೆಯನ್ನು ತೋರಿಸಿದರು.

"ಎದೆಯಾ ಪೊರ್ಬುಳೆ?" ಎಂದರು ನೋಣಯ್ಯ, ಸ್ವರ ಇಳಿಸಿ.

ಪೊರ್ಬುಗಳು ಹೌದೆಂದು ತಲೆ ಅಲ್ಲಾಡಿಸಿದರು. ಎದೆಯಲ್ಲೇ ಇತ್ತಲ್ಲ ಡಬ್ಬಿ.

ನೋಣಯ್ಯ ರಿಕ್ಷಾವನ್ನು ಅಲ್ಲೇ ಗಿರ್ರನೆ ತಿರುಗಿಸಿ, ಲೈಟು ಹಾಕಿ, ಹಾರ್ನು ಒತ್ತಿಕೊಂಡೇ ಫಳ್ನೀರಿನ ಆಸ್ಪತ್ರೆಯ ಕಡೆ ಬಿಟ್ಟರು. ಎಲೇನ್ ಬಾಯಿಯ ಮನೆ ಒಂದು ಕಡೆ, ಗಾಡಿ ಇನ್ನೊಂದು ಕಡೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬುದು ಇದಕ್ಕೇ. ದಾರಿ ತಪ್ಪಿತೆಂದು ತಿಳಿದಾಗ ಪೊರ್ಬುಗಳು ಮೌನ ಮುರಿಯಲೇಬೇಕಾಯಿತು. ತನಗೇನೂ ಆಗಿಲ್ಲ, ಕೊಟ್ಟಾರಕ್ಕೆ ತಿರುಗಿಸು ಎಂದು ಬೊಬ್ಬೆ ಹೊಡೆದರು. ನೋಣಯ್ಯ ತಿರುಗಿ ನೋಡಿದರೆ ಕಂಡದ್ದೇನು? ಕೆಂಡದಂತೆ ಕೆಂಪಾದ ಮುಖ, ಎದೆ ಹಿಡಿದುಕೊಂಡ ಮನುಷ್ಯ.

"ಮಾತಾಡ್ಬೇಡಿ ಮಾರಾಯ್ರೆ," ಎಂದರು ನೋಣಯ್ಯ. "ನನ್ನ ಭಾವನೂ ಹೀಗೇ, ಎಂತ ಆಗ್ಲಿಲ್ಲ ಅಂತ ಹೇಳಿಯೇ ಸತ್ತದ್ದು. ನಿಮ್ಮನ್ನು ನಾನು ಬಿಡುವುದಿಲ್ಲ."

ಇಂಥ ಒಳ್ಳೆಯ ಮನುಷ್ಯನಿಗೆ ಬೈಯುವುದಾದರೂ ಹೇಗೆ? ಪೊರ್ಬುಗಳು ಆದರೂ ಬೈದರು. ಬೈದಷ್ಟೂ ರಿಕ್ಷಾ ವೇಗ ಹೆಚ್ಚಿಸಿತು.

ಆಸ್ಪತ್ರೆಯಲ್ಲಿ ನಾಲ್ಕು ಮಂದಿ ಸೇರಿ ಅವರನ್ನು ಎತ್ತಿ ಮಲಗಿಸಿದರು. ಬಿಪಿ ನೋಡಿದರೆ ಆಕಾಶದಲ್ಲಿ ಇತ್ತು. ಸಿಟ್ಟಿಗೆ ಏರದ ಬಿಪಿ ಯಾವುದು? ಆದರೆ ಸಿಟ್ಟನ್ನು ಅಳೆಯುವ ಯಂತ್ರ ಆಸ್ಪತ್ರೆಯಲ್ಲಿ ಇಲ್ಲ. ಎದೆಯ ಪರೀಕ್ಷೆ ಮಾಡಬೇಕು, ಅಂಗಿ ತೆಗೆಯಬೇಕು, ಕೊರಳಲ್ಲಿರುವುದನ್ನು ತೆಗೆದಿಡಬೇಕು ಎಂದರು. ಒಬ್ಬ ಆಯಾ ಚೀಲಕ್ಕೆ ಕೈಹಾಕಿದಾಗ ಪೊರ್ಬುಗಳು ಎರಡೂ ಕೈಯಿಂದ ಅದನ್ನು ಬಿಗಿಹಿಡಿದು, ಇದರಲ್ಲಿ ದೇವರಿದ್ದಾರೆ, ಮುಟ್ಟಿದರೆ ಜಾಗ್ರತೆ ಎಂದು ಗುಡುಗಿದರು. ರೋಗಿಗೆ ಭ್ರಮೆಯಾಗಿದೆ ಎಂದು ಯಾರೋ ಹೇಳಿದರು. ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಬಿಪಿ ಇಳಿಯುವ ತನಕ ಮಲಗಿರಬೇಕು ಎಂದು ಡಾಕ್ಟರು ಹೇಳಿ ಹೋದರು. ಮಲಗಿದ್ದಲ್ಲೇ ಗೋಡೆಯ ಗಡಿಯಾರ ಕಾಣುತ್ತಿತ್ತು. ಹಾಗಿರುವಾಗ ಬಿಪಿ ಇಳಿಯುವುದು ಎಲ್ಲಿಂದ?

ಕೊನೆಗೆ ಡ್ಯೂಟಿ ಬದಲಾಗಿ ಬಂದ ಒಬ್ಬಳು ನರ್ಸು ಆ ಚೀಲದ ಮೇಲಿನ ಶಿಲುಬೆ ನೋಡಿ ನಿಂತಳು. ಒಳಗೆ ಪರಮಪ್ರಸಾದವಾ ಅಂಕಲ್ ಎಂದು ಮೆಲ್ಲಗೆ ಕೇಳಿದಳು. ಪೊರ್ಬುಗಳು ಹೌದೆಂದಾಗ ಶಿಲುಬೆಯ ಗುರುತು ಮಾಡಿ, ಸೀದಾ ಡಾಕ್ಟರ ಬಳಿ ಹೋಗಿ ಮಾತಾಡಿ ಬಿಡಿಸಿ ಕಳಿಸಿದಳು. ಹೊರಗೆ ನೋಣಯ್ಯ ಒದ್ದೆ ಅಂಗಿಯಲ್ಲೇ ಕಾಯುತ್ತಿದ್ದರು. ವಿಷಯ ತಿಳಿದಾಗ ಅವರ ಮುಖ ಸಣ್ಣದಾಯಿತು. ವಾಪಸು ಕೊಟ್ಟಾರಕ್ಕೆ ರಿಕ್ಷಾ ಬಿಟ್ಟ ರೀತಿ ನೋಡಿದರೆ ಈ ಸಲ ಇಬ್ಬರಿಗೂ ಎದೆನೋವು ಬರಬೇಕಿತ್ತು.

ಬಾಗಿಲಲ್ಲಿ ಶರೊನ್ ಅಳುಮುಖ ಮಾಡಿ ನಿಂತಿದ್ದಳು. ಒಳಗೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು, ಮೇಣದ ಬತ್ತಿಗಳು ಉರಿದು ಗಿಡ್ಡವಾಗಿದ್ದವು. ಅತ್ತೆ ಕಾದು ಕಾದು ಬೆವರತೊಡಗಿದರು, ಕೈಕಾಲು ನಡುಗಿ ಕಣ್ಣು ಮೇಲಾಯಿತು, ಸಕ್ಕರೆ ಇಳಿದುಹೋಗಿತ್ತು, ಬೇಡ ಬೇಡ ಎಂದರೂ ಸಕ್ಕರೆ ನೀರು ಕುಡಿಸಿದೆ ಎಂದು ಅವಳು ಹೇಳಿದಳು. ತಪ್ಪಾಯಿತಾ ಎಂದು ಪೊರ್ಬುಗಳನ್ನೇ ಕೇಳಿದಳು. ಇಲ್ಲ, ನೀನು ಜೀವ ಉಳಿಸಿದ್ದು ಎಂದು ಹೇಳಿ ಪೊರ್ಬುಗಳು ಹಾಸಿಗೆಯ ಬಳಿ ಹೋಗಿ ಡಬ್ಬಿ ತೆರೆಯಹೊರಟರು.

ಎಲೇನ್ ಬಾಯಿ ಕೈ ಎತ್ತಿ ತಡೆದರು. "ಬೇಡ ವಿಲ್ಲಿ. ನಾನು ಕುಡಿದಾಯ್ತು."

ಅದು ಮದ್ದಿಗೆ ಸಮಾನ, ಕಾಯಿಲೆಯವರಿಗೆ ಉಪವಾಸ ಇಲ್ಲ ಎಂದು ಪೊರ್ಬುಗಳು ಹೇಳಿದರು. ಶರೊನಳ ಮೊಬೈಲಿನಲ್ಲಿ ಫಾದರಿಗೆ ಫೋನು ಹಚ್ಚಿ ಮುದುಕಿಯ ಕಿವಿಗೆ ಹಿಡಿದರು. ಧಾರಾಳವಾಗಿ ತಗೊಳ್ಳಿ ಎಂದು ಫಾದರೂ ಹೇಳಿದರು. ಎಲೇನ್ ಬಾಯಿ ಪೂರ್ತಿ ಕೇಳಿ, ಫಾದರಿಗೆ ವಂದನೆ ಹೇಳಿ, ಫೋನನ್ನು ಸೊಸೆಗೆ ಕೊಟ್ಟರು.

"ಫಾದರು ಹೇಳಿದ್ದು ಫಾದರಿಗೆ ಸರಿ. ನಾನು ದೇವರಿಗೆ ಮಾತು ಕೊಟ್ಟದ್ದು ಉಪವಾಸದಲ್ಲಿ ತಗೊಳ್ತೇನೆ ಅಂತ. ಸಕ್ಕರೆ ನೀರು ಕುಡಿದ ಬಾಯಲ್ಲಿ ನಾನು ಈವರೆಗೆ ತಗೊಳ್ಳಲಿಲ್ಲ, ಇನ್ನು ಸಾಯ್ಲಿಕ್ಕೆ ಆಗುವಾಗ ತಗೊಳ್ತೇನಾ? ಆಗಸ್ಟಿನಲ್ಲಿ ಬಾ. ಒಂದರಿಂದ ಶುರು ಮಾಡುವ."

ಆಗಸ್ಟಿನಿಂದ ಒಂಬತ್ತು ಎಂದರೆ ಎಪ್ರಿಲ್. ಆ ಮೈಯನ್ನು ನೋಡಿದವರಿಗೆ ಎಪ್ರಿಲ್ ಎಷ್ಟು ದೂರ ಎಂದು ಹೇಳಬೇಕಾಗಿರಲಿಲ್ಲ. ಶರೊನ್ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಮುದುಕಿಯ ಹಟವೆಂದು ನೀವು ಹೇಳಬಹುದು. ಪೊರ್ಬುಗಳಿಗೆ ಹಾಗೆ ಅನ್ನಿಸಲಿಲ್ಲ. ಎಂಟು ತಿಂಗಳು ಹಸಿದು ಕಟ್ಟಿದ್ದು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಯಾಕೆ ಎಂದು ಕೇಳಿದರೆ ಉತ್ತರ ಒಂದು ಕೆಂಪು ಜರಡಿ. ಯುದ್ಧವಲ್ಲ, ರೋಗವಲ್ಲ, ಜರಡಿ. ಪರಮಪ್ರಸಾದವನ್ನು ಇಗರ್ಜಿಗೆ ಒಪ್ಪಿಸಿ ಮನೆಗೆ ಬಂದ ಪೊರ್ಬುಗಳು ಊಟದ ತಟ್ಟೆ ದೂಡಿ ಮಗನ ಕೈಹಿಡಿದು ಎಬ್ಬಿಸಿದರು. ನೀನು ನನಗೆ ಏನೂ ಹೇಳಬೇಡ, ಎಲೇನ್ ಬಾಯಿಯ ಎದುರು ನಿಂತು ಹೇಳು ಎಂದು ಸಂಜೆ ಅವನನ್ನು ಕೊಟ್ಟಾರಕ್ಕೆ ಎಳೆದುಕೊಂಡೇ ಹೋದರು. ದಾರಿಯಲ್ಲಿ ಬೆಳಗಿನ ಬೈಗುಳವನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡರು. ಆ ಮನೆಯಲ್ಲೇ, ಮುದುಕಿಯ ಎದುರೇ ಎಲ್ಲ ಹೇಳಿ ಮುಗಿಸಬೇಕೆಂದಿತ್ತು.

ಫ್ಲೋಯ್ಡ್ ಹಾಸಿಗೆಯ ಬದಿಯಲ್ಲಿ ನಿಂತ. ಎಲೇನ್ ಬಾಯಿ ಅವನನ್ನು ಹತ್ತಿರ ಕರೆದು ಕೈ ಹಿಡಿದರು. ಬೇಸರವೇನೂ ಆ ಮುಖದಲ್ಲಿ ಇರಲಿಲ್ಲ, ಬೆಳಿಗ್ಗೆ ಪೊರ್ಬುಗಳು ಹೇಳಿದ್ದ ಗಾಡಿಯ ವಿಷಯ ತಿಳಿಯುವ ಆಸಕ್ತಿ ಮಾತ್ರ ಇತ್ತು.

"ಎಂತದು ಪುತಾ ನೀನು ಬದಲಾಯಿಸಿದ್ದು?"

"ಏರ್ ಫಿಲ್ಟರ್, ಗ್ರಾನಿ."

"ಹಳೇದು ಹಾಳಾಗಿತ್ತಾ?"

"ಇಲ್ಲ."

"ಮತ್ತೆ ಹೊಸತರಿಂದ ಎಂತ ಲಾಭ?"

ಫ್ಲೋಯ್ಡ್ ತಂದೆಯ ಮುಖ ನೋಡಿದ. ಪಿಕಪ್ಪಿನ ಮಾತು ಹೇಳಲು ಅವನಿಗೆ ಧೈರ್ಯ ಬರಲಿಲ್ಲವೋ, ಅದು ನಿಜವಲ್ಲ ಎಂದು ಅವನಿಗೇ ಗೊತ್ತಿತ್ತೋ.

"ಸೌಂಡ್ ಚಂದ ಬರ್ತದೆ, ಗ್ರಾನಿ. ದೂರಕ್ಕೆ ಕೇಳ್ತದೆ."

"ಹೌದಾ?" ಎಂದರು ಎಲೇನ್ ಬಾಯಿ, ಅವನ ಕೈ ಬಿಡದೆಯೇ. "ನಾನು ಬೆಳಿಗ್ಗೆಯಿಂದ ಓಣಿಗೆ ಕಿವಿ ಕೊಟ್ಟು ಮಲಗಿದ್ದೆ ಪುತಾ. ನನಗೆ ಕೇಳಲಿಲ್ಲ."